ಕಾಗದದ ತಲೆಯಲ್ಲಿ ಬಿಟ್ಟ ಜಾಗ

ಎಸ್ಪೆರಾನ್ಸಾ, ವಿಯೆಕೆಸ್ ದ್ವೀಪ
೩ ಜೂನ್ ೨೦೨೩

ಮಾನ್ಯ ದೋನ್ ಎವಾರಿಸ್ಟೊ ಅವರಿಗೆ,

ಐದೂವರೆ ವರ್ಷಗಳ ಮೇಲೆ ಬರುತ್ತಿರುವ ಈ ಅಕ್ಷರ ಯಾರದೆಂದು ನಿಮಗೆ ಲಕೋಟೆ ನೋಡಿದೊಡನೆಯೇ ತಿಳಿದಿರುತ್ತದೆ. ಅದನ್ನು ತಿದ್ದಿ ತೀಡಿ ಬರೆಸಿದವರು ನೀವೇ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಆದರೆ ಬಂದ ಕಾಗದವನ್ನು ಓದದೆ ಹರಿಯುವ ಮನುಷ್ಯ ನೀವಲ್ಲ ಎಂಬ ನಂಬಿಕೆಯೊಂದು ಉಳಿದಿದೆ.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಅಮೆರಿಕದ ಆಸ್ಪತ್ರೆಗಳಲ್ಲಿ ನಮ್ಮ ಭಾಷೆ ಬಾರದ ವೈದ್ಯರಿಗೂ ಅವರ ಭಾಷೆ ಬಾರದ ರೋಗಿಗಳಿಗೂ ನಡುವೆ, ಈ ದ್ವೀಪದ ಒಂದು ಕೋಣೆಯಲ್ಲಿ ಕುಳಿತು ದುಭಾಷಿಯ ಕೆಲಸ ಮಾಡುತ್ತೇನೆ. ರೋಗಿ "ನನಗೆ ಭಯವಾಗುತ್ತದೆ" ಎಂದರೆ ನಾನೂ "ನನಗೆ ಭಯವಾಗುತ್ತದೆ" ಎನ್ನಬೇಕು. ವೈದ್ಯರು "ನಾನು ಕೊಯ್ಯುತ್ತೇನೆ" ಎಂದರೆ ನಾನೂ ಕೊಯ್ಯಬೇಕು. ನನ್ನ ಸ್ವಂತದ ಮಾತಿಗೆ ಅಲ್ಲಿ ಎಡೆಯಿಲ್ಲ. ಅದಕ್ಕೇ ಈ ಕೆಲಸ ನನಗೆ ಒಗ್ಗಿತೇನೋ.

ಇಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಸಮುದ್ರದ ತಳದ ಒಂದು ತಂತಿಯಲ್ಲಿ ಅದು ನಮ್ಮವರೆಗೆ ಬರುತ್ತದೆ. ಬಾರದಿದ್ದಾಗ ಯಾರನ್ನೂ ಕೇಳುವಂತಿಲ್ಲ. ನನ್ನಲ್ಲಿ ಒಂದು ಬ್ಯಾಟರಿ ಇದೆ, ಮೂರು ಗಂಟೆ ತಡೆಯುತ್ತದೆ. ಮೇ ತಿಂಗಳ ಹತ್ತೊಂಬತ್ತರಂದು ಬೆಳಿಗ್ಗೆ ಎಂಟೂವರೆಗೇ ಕರೆಂಟು ಹೋಗಿ ಅದು ಬರಿದಾಗುತ್ತಾ ಬಂದಿತ್ತು. ಹತ್ತು ಗಂಟೆಗೆ, ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕಾಯುತ್ತಿದ್ದ ಒಬ್ಬ ಹೆಂಗಸಿಗೆ ವೈದ್ಯರು ಹೇಳಿದರು: "ನಿಮ್ಮ ಯಜಮಾನರಿಗೆ ನಮ್ಮ ಕೈಲಾದದ್ದನ್ನೆಲ್ಲಾ ಮಾಡಿದ್ವಿ. ಈಗ..." ಆ "ಈಗ"ದವರೆಗೆ ನಾನು ಹೇಳಿದೆ. ಅಷ್ಟರಲ್ಲಿ ಬ್ಯಾಟರಿ ಸತ್ತು ಎಲ್ಲವೂ ಆರಿತು. ಆ ಹೆಂಗಸು ಯಾರು, ಯಾವ ಊರಿನವಳು, ಗಂಡ ಬದುಕಿದನೇ ಎಂಬುದು ನನಗೆ ಎಂದೂ ತಿಳಿಯುವುದಿಲ್ಲ. ಕೇಳಕೂಡದೆಂಬುದು ನಮ್ಮ ನಿಯಮ. ಅವಳಿಗೆ ಅರ್ಧ ಮಾತು ಕೊಟ್ಟು ಬಾಗಿಲು ಹಾಕಿಕೊಂಡವಳು ನಾನು.

ಕಂಪನಿಯವರು ಇದು ಎರಡನೆಯ ಸಲವೆಂದು ಬರೆದಿದ್ದಾರೆ. ಮೂರನೆಯದಾದರೆ ಕೆಲಸವಿಲ್ಲ.

ನಿಮ್ಮ ಹಿತ್ತಲಿನ ಚಪ್ಪರದಲ್ಲಿ ಆ ಹಳದಿ ಜನರೇಟರ್ ಇದ್ದರೆ, ಅದು ನಿಮಗೆ ಬೇಕಿಲ್ಲದಿದ್ದರೆ, ನನಗೆ ಕಳಿಸಿಕೊಡಬಹುದೇ? ಇಷ್ಟನ್ನೇ ಕೇಳಲು ಇಷ್ಟು ಬರೆದೆ.

ಇಂತು,
ಮಿಗ್ದಾಲಿಯಾ

*

ಸಾನ್ ಹೆರ್ಮಾನ್
೧೯ ಜೂನ್ ೨೦೨೩



ಮಿಗ್ದಾಲಿಯಾ,

ಮೇಲೆ ಮೂರು ಸಾಲಿನಷ್ಟು ಎಡೆ ಬಿಟ್ಟು ಬರೆಯತೊಡಗಿರುವುದನ್ನು ನೀನು ಕಂಡಿರಬಹುದು. ನಮ್ಮ ಮನೆಯಲ್ಲಿ ಮಾತಾಗಲಿ ಕಾಗದವಾಗಲಿ "ಆಶೀರ್ವಾದ ಮಾಡಿ, ಪದ್ರೀನೊ" ಎಂಬ ಕೋರಿಕೆಯಿಂದ ತೊಡಗುತ್ತಿತ್ತು. "ದೇವರು ನಿನ್ನನ್ನು ಆಶೀರ್ವದಿಸಲಿ" ಎಂಬ ಮರುಮಾತು ದೊರೆತ ಮೇಲೆಯೇ ಉಳಿದ ಸಮಾಚಾರ. ನೀನು ಕೇಳಲಿಲ್ಲ. ಕೇಳದೆ ಕೊಡುವುದು ಪದ್ಧತಿಯಲ್ಲ. ಕೊಡದೆ ಬರೆಯುವುದು ನನ್ನಿಂದಾಗದು. ಆದುದರಿಂದ ಆ ಜಾಗವನ್ನು ಬರಿದಾಗಿ ಉಳಿಸಿದ್ದೇನೆ.

ನನ್ನನ್ನು "ದೋನ್" ಎಂದು ಕರೆದಿದ್ದೀಯೆ. ಅಂಚೆಯವನೂ ಹಾಗೆಯೇ ಕರೆಯುತ್ತಾನೆ. ದೀಕ್ಷಾಸ್ನಾನದ ದಿನ ನಿನ್ನನ್ನು ತೋಳಲ್ಲಿ ಹಿಡಿದು ಧರ್ಮತಂದೆಯಾಗಿ ನಿನ್ನ ಪರವಾಗಿ ಉತ್ತರ ಕೊಟ್ಟವನು, ನಿನ್ನ ತಾಯಿ ತೀರಿದ ಮೇಲೆ ಒಂಬತ್ತನೆಯ ವಯಸ್ಸಿನಿಂದ ಈ ಮನೆಯಲ್ಲಿ ಬೆಳೆಸಿದವನು, ಅಂಚೆಯವನ ಸಾಲಿಗೆ ಸೇರಿದೆನಲ್ಲಾ ಎಂದು ಒಂದು ಗಳಿಗೆ ನೊಂದೆ. ಮರುಗಳಿಗೆಯಲ್ಲಿ, ಹಾಗೆ ನೋಯುವ ಅಧಿಕಾರ ನನಗಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ.

ನಾನು ಎಂಬತ್ತಕ್ಕೆ ಕಾಲಿಡಲಿದ್ದೇನೆ. ಉಪಯಾಜಕನ ಉಡುಪನ್ನು ಬಲಿಪೀಠದ ಕೋಣೆಯಲ್ಲಿ ಮಡಿಸಿಟ್ಟು ಐದು ವರ್ಷವಾಯಿತು. ಈಗ ಜನರ ನಡುವೆ ಕಡೆಯ ಬೆಂಚಿನಲ್ಲಿ ಕುಳಿತು ಪೂಜೆ ಕೇಳುತ್ತೇನೆ. ನನ್ನ ಹೆಂಡತಿ, ನಿನ್ನ ಧರ್ಮತಾಯಿ ಮದ್ರೀನಾಳ ಸಮಾಧಿಗೆ ಭಾನುವಾರ ಹೋಗುತ್ತೇನೆ.

ನೀನು ಕೇಳಿದ ಜನರೇಟರ್ ಬಹುಕಾಲದಿಂದ ಉಪಯೋಗವಿಲ್ಲದೆ ತುಕ್ಕು ಹಿಡಿದು ಕೆಟ್ಟಿದೆ. ಅದರಿಂದ ನಿನಗೆ ಪ್ರಯೋಜನವಾಗದು. ಬದಲಿಗೆ ಪೆಟ್ಟಿಗೆಯೊಂದನ್ನು ಪ್ರತ್ಯೇಕ ಅಂಚೆಯಲ್ಲಿ ಕಳಿಸಿದ್ದೇನೆ. ಕತ್ತಲೆಯಲ್ಲಿ ಉಪಯೋಗಕ್ಕೆ ಬರುವ ವಸ್ತುವೇ.

ಎವಾರಿಸ್ಟೊ

*

ಎಸ್ಪೆರಾನ್ಸಾ
೮ ಜುಲೈ ೨೦೨೩

ದೋನ್ ಎವಾರಿಸ್ಟೊ ಅವರಿಗೆ,

ಪೆಟ್ಟಿಗೆ ತಲುಪಿತು. ಬಲಿಪೀಠದ ಮೇಲೆ ಉರಿದು ಉಳಿದ ಮೇಣದ ಬತ್ತಿಯ ತುಂಡುಗಳು, ಎರಡು ಡಜನ್. ಪಕ್ಕದ ಮನೆಯ ದೋನ್ಯಾ ಕ್ರುಸೀತಾಗೆ ತೋರಿಸಿದೆ. ಆಕೆ ನಕ್ಕು ನಕ್ಕು ಕೆಮ್ಮಿದಳು.

"ಅಲ್ಲ ಕಣೇ, ನಿನ್ ಕಂಪ್ಯೂಟರಿಗೆ ಬತ್ತಿ ಎಲ್ಲಿ ಸಿಗಿಸ್ತೀಯ? ಹಿಂದ್ಗಡೇನೋ, ಮುಂದ್ಗಡೇನೋ?"

"ನಗಬೇಡಿ, ದೋನ್ಯಾ ಕ್ರುಸೀತಾ. ಪವಿತ್ರವಾದ ಮೇಣ ಅದು."

"ಪವಿತ್ರ ಅಂತಾನೇ ಕೇಳ್ದೆ. ಬೇರೆ ಮೇಣ ಆಗಿದ್ರೆ ನನಗೇ ಗೊತ್ತಿರ್ತಿತ್ತು."

ನಕ್ಕದ್ದಾಯಿತು. ಇನ್ನು ನಿಜವಾದ ಮಾತು. ನಿಮ್ಮ ಬೀದಿಯ ಕ್ಷೌರದಂಗಡಿಯ ಚಾಗೋಗೆ ಫೋನ್ ಮಾಡಿ ವಿಚಾರಿಸಿದೆ. "ತುಕ್ಕಾ? ಯಾರು ಹೇಳಿದ್ದು?" ಎಂದ. "ಶನಿವಾರ ಶನಿವಾರ ಎಣ್ಣೆಬಟ್ಟೆ ತೆಗೆದು, ಮಗೂಗೆ ಸ್ನಾನ ಮಾಡಿಸ್ದಂಗೆ ಒರೆಸ್ತಾರೆ. ಆದ್ರೆ ಒಂದ್ ದಿನಾನೂ ಶುರು ಮಾಡಿಲ್ಲ. ಹೋದ ವರ್ಷದ ಗಾಳಿಮಳೇಲಿ ಇಡೀ ಬೀದಿ ಕತ್ತಲಾಗಿತ್ತು, 'ಒಂದ್ಸಲ ಹಾಕಿ ಮಾಸ್ತರೇ' ಅಂತ ನಾನೇ ಕೈಮುಗಿದೆ. ಶುರು ಮಾಡೋ ಹಗ್ಗಾನೂ ಮುಟ್ಟಕ್ಕೆ ಬಿಡ್ಲಿಲ್ಲ."

ತುಕ್ಕು ಹಿಡಿದ ಯಂತ್ರವನ್ನು ಯಾರೂ ಶನಿವಾರ ಶನಿವಾರ ಒರೆಸುವುದಿಲ್ಲ. ನೀವು ಸುಳ್ಳು ಹೇಳಿದ್ದನ್ನು ನಾನು ಇದುವರೆಗೆ ಕಂಡವಳಲ್ಲ. ಕೊಡಲು ಮನಸ್ಸಿಲ್ಲವೆಂದು ಬರೆದಿದ್ದರೆ ಸಾಕಿತ್ತು. ಕಾರಣ ನನಗೆ ಗೊತ್ತು.

ಗೊತ್ತಿರುವುದನ್ನು ಒಬ್ಬರಾದರೂ ಬರೆದುಬಿಡೋಣ. ಆ ಚಂಡಮಾರುತದ ವರ್ಷ, ಮೂರು ತಿಂಗಳು ಊರಿಗೆ ಕರೆಂಟಿಲ್ಲದೆ, ಮದ್ರೀನಾ ಉಸಿರಾಡುತ್ತಿದ್ದ ಆಕ್ಸಿಜನ್ ಯಂತ್ರ ನಡೆಯುತ್ತಿದ್ದುದು ಆ ಜನರೇಟರಿನಿಂದ. ಡಿಸೆಂಬರ್ ಇಪ್ಪತ್ತೊಂದರ ಮುಂಜಾವು ನೀವು ಗೋಡೆಯಾಚೆಯ ಚರ್ಚಿನಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ಪೂಜೆಗಳಲ್ಲಿ ಏಳನೆಯದಕ್ಕೆ ನಿಂತಿದ್ದಿರಿ. ನಾನು ಹಿಂದಿನ ಕೋಣೆಯಲ್ಲಿ, ಹಿಂದಿನ ದಿನ ತುಂಬಿಸಿಟ್ಟ ಬ್ಯಾಟರಿಯಲ್ಲಿ ಕೆಲಸಕ್ಕೆ ಕುಳಿತಿದ್ದೆ. ಎರಡೂ ಕಿವಿಗಳ ಮೇಲೆ ಹೆಡ್‌ಫೋನ್. ಜನರೇಟರ್ ನಿಂತದ್ದು ತಿಳಿಯಲಿಲ್ಲ. ಮದ್ರೀನಾ ತನ್ನ ಹಿತ್ತಾಳೆ ಗಂಟೆ ಆಡಿಸಿದಳು. ತುರ್ತಿಗೆಂದು ಪಕ್ಕದಲ್ಲಿಟ್ಟಿದ್ದ ಆಕ್ಸಿಜನ್ ಸಿಲಿಂಡರಿನ ತಿರುಪು ಅವಳ ಕೈಗೆ ಬಗ್ಗುತ್ತಿರಲಿಲ್ಲ. ನಾನು ಎದ್ದು ಬಂದದ್ದು ನಲವತ್ತು ನಿಮಿಷಗಳ ಮೇಲೆ. ಜನವರಿ ಆರರ ಮೂವರು ರಾಜರ ಹಬ್ಬದ ದಿನ ಆಸ್ಪತ್ರೆಯಲ್ಲಿ ಅವಳು ತೀರಿದಳು. ಸಮಾಧಿಯ ಬಳಿ ನೀವು ನನಗೆ ಹೇಳಿದ್ದು ಒಂದೇ ಮಾತು: "ನೀನು ಕೇಳಿಸಿಕೊಳ್ಳಲಿಲ್ಲ."

ಮರುವಾರ ನಾನು ಲಾಂಚು ಹತ್ತಿ ಈ ದ್ವೀಪಕ್ಕೆ ಬಂದೆ.

ದೋನ್ಯಾ ಕ್ರುಸೀತಾಳಿಗೂ ಅಂಥದೇ ಯಂತ್ರ. ಕರೆಂಟು ಹೋದಾಗ ನನ್ನ ಬ್ಯಾಟರಿಯಿಂದ ಕಿಟಕಿ ದಾಟಿ ಒಂದು ವೈರು ಅವಳ ಮನೆಗೆ ಹೋಗುತ್ತದೆ. ಮೂರು ಗಂಟೆಯ ಬ್ಯಾಟರಿ ಆಗ ಒಂದೂವರೆಗೆ ಇಳಿಯುತ್ತದೆ. ಅದನ್ನು ಕಂಪನಿಗೆ ಹೇಳಿಲ್ಲ, ನಿಮಗೂ ಹೇಳಬೇಕೆಂದಿರಲಿಲ್ಲ. ಉಸಿರು ಕಟ್ಟಿದರೆ ಅವಳು ಸೌಟಿನಿಂದ ಪಾತ್ರೆ ಬಡಿಯುತ್ತಾಳೆ. ನಾನು ಈಗ ಒಂದೇ ಕಿವಿಯಲ್ಲಿ ಹೆಡ್‌ಫೋನ್ ಇಡುತ್ತೇನೆ. ಇನ್ನೊಂದು ಕಿವಿ ಐದೂವರೆ ವರ್ಷದಿಂದ ಖಾಲಿ ಇದೆ.

ಮಿಗ್ದಾಲಿಯಾ

*

ಸಾನ್ ಹೆರ್ಮಾನ್
೨ ಆಗಸ್ಟ್ ೨೦೨೩



ಮಿಗ್ದಾಲಿಯಾ,

ನಿನ್ನ ಕಾಗದಕ್ಕೆ ನಾಲ್ಕು ಉತ್ತರಗಳನ್ನು ಬರೆದು ನಾಲ್ಕನ್ನೂ ಹರಿದೆ. ನಲವತ್ತು ವರ್ಷ ಮಕ್ಕಳಿಗೆ ವಾಕ್ಯರಚನೆ ಕಲಿಸಿದವನಿಗೆ ಒಂದು ವಾಕ್ಯ ಕೂಡಿಬರುತ್ತಿಲ್ಲ.

ತುಕ್ಕಿನ ಮಾತು ಸುಳ್ಳು. ಕ್ಷಮೆ ಬೇಡುತ್ತೇನೆ. ಕಾರಣ ನಿನಗೆ ಗೊತ್ತೆಂದು ಬರೆದಿದ್ದೀಯೆ. ನಿನಗೆ ಗೊತ್ತಿಲ್ಲ.

ಎವಾರಿಸ್ಟೊ

*

ಎಸ್ಪೆರಾನ್ಸಾ
೧೧ ಸೆಪ್ಟೆಂಬರ್ ೨೦೨೩

ಪದ್ರೀನೊ,

ನೋಡಿ, ಕೈ ತಾನಾಗಿಯೇ ಹಾಗೆ ಬರೆಯಿತು. ಹೊಡೆದುಹಾಕಿ ಹೊಸ ಹಾಳೆ ತೆಗೆಯುವಷ್ಟು ತಾಳ್ಮೆ ಈ ದಿನ ಇಲ್ಲ. ಹಾಗೆಯೇ ಇರಲಿ.

ಮೂರನೆಯದೂ ಆಯಿತು.

ಮೊನ್ನೆ ಗುರುವಾರ ಮಧ್ಯಾಹ್ನ. ಕರೆಂಟು ಹೋಗಿ ಒಂದು ಗಂಟೆಯಾಗಿತ್ತು. ದ್ವೀಪದ ಬೀದಿಗಳಲ್ಲಿ ಅಲೆಯುವ ಕುದುರೆಗಳು ಬಿಸಿಲಿಗೆ ಸೋತು ನನ್ನ ಗೋಡೆಯ ನೆರಳಿಗೆ ಬಂದು ನಿಂತಿದ್ದವು. ಬ್ಯಾಟರಿ ಕೆಂಪು ತೋರಿಸುತ್ತಿತ್ತು. ಫೋನಿನ ಆ ತುದಿಯಲ್ಲಿ ಮೊದಲ ಹೆರಿಗೆಯ ಒಬ್ಬ ಹುಡುಗಿ, ಹತ್ತೊಂಬತ್ತು ಇರಬಹುದು. ವೈದ್ಯೆ ಅವಳಿಗೆ ಯಾವಾಗ ತಿಣುಕಬೇಕು, ಯಾವಾಗ ಉಸಿರು ಹಿಡಿಯಬೇಕೆಂದು ಹೇಳುತ್ತಿದ್ದಳು. ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳುತ್ತಿದ್ದೆ. ಆಗ ಖಾಲಿ ಕಿವಿಗೆ ಪಾತ್ರೆಯ ಸದ್ದು ಬಿತ್ತು. ಒಂದು ಸಲ. ಮತ್ತೆ ಎರಡು ಸಲ.

ಕುಗ್ಗಿದ ಬ್ಯಾಟರಿಯಿಂದ, ವೈರಿನ ಆ ತುದಿಯ ಅವಳ ಯಂತ್ರ ನಡೆಯುತ್ತಿರಲಿಲ್ಲ. ಉಳಿದದ್ದು ಇಬ್ಬರಲ್ಲಿ ಒಬ್ಬರಿಗೆ.

ಪದ್ರೀನೊ, ನಮ್ಮ ಕೆಲಸದಲ್ಲಿ ಮಾಡಬಾರದ್ದೊಂದನ್ನು ಮಾಡಿದೆ. ಹೇಳುತ್ತಿದ್ದ ವಾಕ್ಯವನ್ನು ಮೊದಲು ಮುಗಿಸಿದೆ. ಆಮೇಲೆ ಇಬ್ಬರಿಗೂ, ಇಬ್ಬರ ಭಾಷೆಯಲ್ಲೂ, ನನ್ನದೇ ಮಾತನ್ನು ಆಡಿದೆ: "ನಾನು ದುಭಾಷಿ ಮಾತಾಡ್ತಿದ್ದೀನಿ. ನನ್ನ ಪಕ್ಕದ ಮನೆಯವರಿಗೆ ಉಸಿರು ಕಟ್ತಿದೆ. ನಾನು ಹೋಗಬೇಕು. ಇನ್ನೊಬ್ಬರು ಬರ್ತಾರೆ. ಅಲ್ಲೀವರೆಗೆ, ಮಗಳೇ, ಡಾಕ್ಟರ ಮುಖ ನೋಡ್ತಿರು, ಅವರು ತಲೆ ಆಡಿಸಿದಾಗ ತಿಣುಕು." ಆ ಹುಡುಗಿ ನೋವಿನ ನಡುವೆಯೇ ಹೇಳಿದಳು: "ಹೋಗಿ ಅಕ್ಕಾ, ಹೋಗಿ."

ಕಂಪ್ಯೂಟರಿನ ತಂತಿ ಕಿತ್ತು, ಬ್ಯಾಟರಿ ಹೊತ್ತು ಓಡಿದೆ. ದೋನ್ಯಾ ಕ್ರುಸೀತಾಳ ತುಟಿ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಹತ್ತು ನಿಮಿಷದ ಮೇಲೆ ಮಾತಾಡುವಂತಾದಳು.

"ಕೆಲಸ ಬಿಟ್ಟು ಬಂದ್ಯಾ?"

"ಬಂದೆ."

"ಹುಚ್ಚಿ. ಇನ್ನು ನಿನ್ನನ್ನೂ ನಾನೇ ಸಾಕ್ಬೇಕಾ?" ಎಂದು ನನ್ನ ಕೈಯನ್ನು ಬಿಡದೆ ಹಿಡಿದುಕೊಂಡಳು.

ಕಂಪನಿಯವರು ನನ್ನನ್ನು ಪೂರ್ತಿ ತೆಗೆದುಹಾಕಿಲ್ಲ, ತಡೆಹಿಡಿದಿದ್ದಾರೆ. ಆ ವೈದ್ಯೆ ನನ್ನ ಪರವಾಗಿ ಎರಡು ಸಾಲು ಬರೆದಳಂತೆ. ಅಕ್ಟೋಬರ್ ಮೂವತ್ತೊಂದರೊಳಗೆ, ಕರೆಂಟು ಹೋದರೂ ಹಗಲೆಲ್ಲ ನಡೆಯುವ ವ್ಯವಸ್ಥೆ ನನ್ನ ಮನೆಯಲ್ಲಿದೆಯೆಂದು ತೋರಿಸಬೇಕು. ತೋರಿಸದಿದ್ದರೆ ಮುಗಿಯಿತು. ಆಮೇಲೆ ಈ ಮನೆಯನ್ನೂ ಈ ಕಿಟಕಿಯನ್ನೂ ಬಿಟ್ಟು ಕೆಲಸ ಹುಡುಕುತ್ತ ಹೋಗಬೇಕು. ಕಿಟಕಿಯಾಚೆ ಪಾತ್ರೆ ಬಡಿದರೆ ಕೇಳಿಸಿಕೊಳ್ಳುವವರು ಇರುವುದಿಲ್ಲ.

ಜನರೇಟರ್ ಮತ್ತೆ ಕೇಳುತ್ತಿಲ್ಲ. ಒಮ್ಮೆ ಕೇಳಿದ್ದೇ ಸಾಕು. ಆದರೆ "ನಿನಗೆ ಗೊತ್ತಿಲ್ಲ" ಎಂದು ಬರೆದಿರಲ್ಲ, ಆ ವಾಕ್ಯ ಅರ್ಧವಾಗಿದೆ. ಅರ್ಧ ವಾಕ್ಯದ ಈಚೆ ದಡದಲ್ಲಿ ಕಾಯುವುದು ಹೇಗಿರುತ್ತದೆಂದು ನನಗೆ ಈಗ ಅರ್ಥವಾಗುತ್ತಿದೆ. ಅದನ್ನು ಮುಗಿಸಿ.

ಮಿಗ್ದಾಲಿಯಾ

*

ಸಾನ್ ಹೆರ್ಮಾನ್
೨೯ ಸೆಪ್ಟೆಂಬರ್ ೨೦೨೩, ಪ್ರಧಾನ ದೇವದೂತರ ಹಬ್ಬ

ಮಗಳೇ,

ಇಂದು ಮೇಲೆ ಜಾಗ ಬಿಟ್ಟಿಲ್ಲ. ಕಾರಣವನ್ನು ಕಡೆಯಲ್ಲಿ ತಿಳಿಸುತ್ತೇನೆ.

ನೀನು ಮುಗಿಸೆಂದ ವಾಕ್ಯ ಇದು. ಆ ಮುಂಜಾವು ಜನರೇಟರ್ ತಾನಾಗಿ ನಿಲ್ಲಲಿಲ್ಲ. ಅದನ್ನು ನಿಲ್ಲಿಸಿದವನು ನಾನು.

ಆರು ಮುಂಜಾವುಗಳ ಪೂಜೆ ಕತ್ತಲೆಯಲ್ಲೇ ನಡೆದಿತ್ತು. ಜನರು ಕಣ್ಣೀರಿನ ದನಿಯಲ್ಲಿ ಹಾಡುತ್ತಿದ್ದರು. ಹಾಡುವ ಮಕ್ಕಳ ಮುಖ ತಾಯಂದಿರಿಗೆ ಕಾಣುತ್ತಿರಲಿಲ್ಲ. ಅಂದಿನ ಗುರುಗಳು, ಈಗ ಅವರೂ ಇಲ್ಲ, ಆರನೆಯ ದಿನ ನನ್ನ ಭುಜದ ಮೇಲೆ ಕೈಯಿಟ್ಟು, "ಎವಾರಿಸ್ಟೊ, ಒಂದೇ ಒಂದ್ ದಿನ ಬೆಳಕಿರ್ತಿದ್ರೆ" ಎಂದರು. ಕೇಳಲಿಲ್ಲ, ಅಪ್ಪಣೆ ಮಾಡಲಿಲ್ಲ, ಹಂಬಲಿಸಿದರು ಅಷ್ಟೆ. ಏಳನೆಯ ದಿನ ಬೆಳಗಿನ ನಾಲ್ಕು ಗಂಟೆಗೆ, ನೀನು ಕೋಣೆ ಸೇರಿದ ಮೇಲೆ, ಕಿತ್ತಳೆ ಬಣ್ಣದ ಉದ್ದನೆಯ ವೈರನ್ನು ನಮ್ಮ ಜನರೇಟರಿನಿಂದ ಹಿತ್ತಲಗೋಡೆಯ ಮೇಲೆ ಹಾಯಿಸಿ ಚರ್ಚಿಗೆ ಎಳೆದೆ. ನೆರೆಮನೆಗೆ ವೈರು ಕೊಡದವರು ಆ ವರ್ಷ ಊರಿನಲ್ಲಿ ಯಾರಿದ್ದರು? ದೇವರ ಮನೆಗೂ ಕೊಡೋಣವೆಂದುಕೊಂಡೆ. ನಿನ್ನ ಮದ್ರೀನಾ ಪ್ರೊವಿದೆನ್ಸಿಯಾಳನ್ನು ಕೇಳಲಿಲ್ಲ. ಅವಳು ಬೇಡವೆನ್ನುತ್ತಿರಲಿಲ್ಲ; ಅದಕ್ಕಾಗಿಯೇ ಕೇಳಬೇಕಿತ್ತು.

ದೀಪಗಳು ಹತ್ತಿದಾಗ ಜನರು ಎದ್ದು ನಿಂತು "ಕರೆಂಟ್ ಬಂತು!" ಎಂದು ಬೀದಿಯಲ್ಲಿ ಕೂಗುವಂತೆ ಕೂಗಿ, ನಾಚಿ, ಮತ್ತೆ ಕುಳಿತರು. ಬೆಳಕು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಮೂರು ತಿಂಗಳ ಕತ್ತಲೆಯ ತರುವಾಯ ಬೆಳಕನ್ನು ಯಾರು ಪ್ರಶ್ನಿಸುತ್ತಾರೆ? ನನ್ನ ಹೃದಯ ಹಿಗ್ಗಿತು. ದೇವರ ಮುಂದೆ ನಿಂತು ಹೇಳಬೇಕಾದ ದಿನ ಇದನ್ನೂ ಹೇಳುತ್ತೇನೆ: ಅದು ಭಕ್ತಿಯೊಂದೇ ಆಗಿರಲಿಲ್ಲ, ಅದರಲ್ಲಿ ಹೆಮ್ಮೆಯೂ ಇತ್ತು.

ಯಾರೋ ಧ್ವನಿವರ್ಧಕವನ್ನೂ ಹಾರ್ಮೋನಿಯಮ್ಮಿನಂಥ ಆ ವಿದ್ಯುತ್ ವಾದ್ಯವನ್ನೂ ಅದೇ ವೈರಿಗೆ ಸಿಕ್ಕಿಸಿದರು. ಭಾರ ತಾಳದೆ ಜನರೇಟರ್ ನಿಂತಿತು. ದೀಪಗಳು ಆರಿದವು. ಜನರು ನಿಟ್ಟುಸಿರಿಟ್ಟು ಮೇಣದ ಬತ್ತಿ ಹೊತ್ತಿಸಿ ಹಾಡು ಮುಂದುವರಿಸಿದರು. ಇಡೀ ಚರ್ಚಿನಲ್ಲಿ ಒಬ್ಬನಿಗೆ ಮಾತ್ರ, ಆ ದೀಪದೊಡನೆ ಗೋಡೆಯಾಚೆ ಇನ್ನೇನು ನಿಂತಿದೆಯೆಂಬುದು ತಿಳಿದಿತ್ತು.

ಮೂವತ್ತು ಹೆಜ್ಜೆಗಳ ದಾರಿ. ಬಲಿಪೀಠ ಬಿಟ್ಟು ಇಳಿಯಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ಗುರುಗಳು ಪೂಜೆಯನ್ನು ಒಬ್ಬರೇ ನಡೆಸಬಲ್ಲವರಾಗಿದ್ದರು. ಪರಮಪ್ರಸಾದ ಹಂಚುವುದು ಮುಗಿಯಲಿ ಎಂದುಕೊಂಡೆ. ಮುಗಿಯಿತು. ಕಡೆಯ ಆಶೀರ್ವಾದವಾಗಲಿ ಎಂದುಕೊಂಡೆ. ಮನೆಯಲ್ಲಿ ಮಿಗ್ದಾಲಿಯಾ ಇದ್ದಾಳೆ, ಸಿಲಿಂಡರ್ ಇದೆ, ಹುಡುಗಿ ಕೇಳಿಸಿಕೊಳ್ಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ನಿಂತೆ. ನಲವತ್ತು ನಿಮಿಷ, ಮಗಳೇ. ನಿನ್ನ ನಲವತ್ತು ನಿಮಿಷವೂ ನನ್ನ ನಲವತ್ತು ನಿಮಿಷವೂ ಒಂದೇ.

ನಿನ್ನ ಕೂಗು ಕೇಳಿ ಓಡಿಬಂದವನು, ನೀವೆಲ್ಲ ಅವಳನ್ನು ಕಾರಿಗೆ ಏರಿಸುತ್ತಿದ್ದಾಗ, ಏನು ಮಾಡಿದೆ ಗೊತ್ತೇ? ಗೋಡೆಯ ಮೇಲಿನ ವೈರನ್ನು ಎಳೆದು ಸುತ್ತಿ ಚಪ್ಪರದಲ್ಲಿ ಅಡಗಿಸಿದೆ. ಅನಂತರವೇ ಕಾರು ಹತ್ತಿದೆ. ಸಮಾಧಿಯ ಬಳಿ "ನೀನು ಕೇಳಿಸಿಕೊಳ್ಳಲಿಲ್ಲ" ಎಂದದ್ದು, ಆ ವೈರನ್ನು ಅಡಗಿಸಿದ ಅದೇ ಮನುಷ್ಯ.

ಉಪಯಾಜಕನ ಉಡುಪನ್ನು ಏಕೆ ಮಡಿಸಿಟ್ಟೆನೆಂದು ಊರಿನಲ್ಲಿ ಕೇಳಿದವರಿಗೆ ಮಂಡಿನೋವು ಎಂದಿದ್ದೇನೆ. ಜನರೇಟರನ್ನು ಒರೆಸುವೆನು, ಹೊತ್ತಿಸಲಾರೆನು. ಅದರ ಸದ್ದು ಕೇಳಿದರೆ ಅದು ನಿಲ್ಲುವ ಗಳಿಗೆಯೂ ಬರುತ್ತದೆಂಬ ಭಯ. ನಿನ್ನೆ ಚಾಗೋನನ್ನು ಕರೆದು ಹಗ್ಗ ಎಳೆಸಿದೆ. ಮೊದಲನೆಯ ಎಳೆತಕ್ಕೇ ಹೊತ್ತಿತು. "ಇಷ್ಟು ಚೆನ್ನಾಗಿರೋದನ್ನ ಬಚ್ಚಿಟ್ಟಿದ್ರಲ್ಲಾ ಮಾಸ್ತರೇ, ಪಾಪ ಬರಲ್ವಾ?" ಎಂದ. ಬರುತ್ತದೆ ಎಂದೆ. ಅವನು ನಕ್ಕ, ನಾನು ತಮಾಷೆ ಮಾಡಿದೆನೆಂದುಕೊಂಡ.

ಸೋಮವಾರದ ಲಾಂಚಿನಲ್ಲಿ ಅವನೇ ತನ್ನ ಬಂಡಿಯಲ್ಲಿ ಅದನ್ನು ತರುತ್ತಾನೆ. ವೈರನ್ನೂ ಕಳಿಸುತ್ತಿದ್ದೇನೆ. ಅದು ನಿನ್ನ ಕಿಟಕಿಯಿಂದ ಆ ಹೆಂಗಸಿನ ಮನೆಗೆ ತಲುಪುವಷ್ಟು ಉದ್ದವಿದೆ. ಅದಕ್ಕೆ ಒಂದು ಉಸಿರಿನ ಋಣವಿದೆ.

ಮೇಲೆ ಜಾಗ ಬಿಡದ ಕಾರಣ: ಕೊಡುವವನ ಜಾಗ ಅದು. ಈ ಕಾಗದದಲ್ಲಿ ನಾನು ಕೊಡುವವನಲ್ಲ. ನಮ್ಮಲ್ಲಿ ಹಿರಿಯರು ಕಿರಿಯರಿಂದ ಇದನ್ನು ಕೇಳಿದ್ದನ್ನು ನಾನು ಕಂಡಿಲ್ಲ, ಆದರೂ ಕೇಳುತ್ತೇನೆ.

ಆಶೀರ್ವಾದ ಮಾಡು, ಮಗಳೇ.

ಎವಾರಿಸ್ಟೊ

*

ಸಾನ್ ಹೆರ್ಮಾನ್
೨ ನವೆಂಬರ್ ೨೦೨೩, ಸಕಲ ಮೃತರ ದಿನ

ಮಿಗ್ದಾಲಿಯಾ,

ಇಂದು ಸಮಾಧಿಗೆ ಹೋಗಿ ಬಂದೆ. ಜನರೇಟರನ್ನು ನಿನ್ನ ಬಾಗಿಲಲ್ಲಿ ಇಳಿಸಿದೆನೆಂದೂ, ನೀನು ಕಾಫಿ ಕೊಟ್ಟೆಯೆಂದೂ, ಒಂದು ಮಾತೂ ಆಡಲಿಲ್ಲವೆಂದೂ ಚಾಗೋ ಹೇಳಿದ. ಉತ್ತರ ಬರಬೇಕೆಂಬ ಹಕ್ಕು ನನಗಿಲ್ಲ. ಅಕ್ಟೋಬರ್ ಕಳೆಯಿತಲ್ಲ, ಕೆಲಸ ಉಳಿಯಿತೇ ಎಂಬುದೊಂದನ್ನು ಮಾತ್ರ ಯಾರ ಮೂಲಕವಾದರೂ ತಿಳಿಸು.

ಎ.

*

ಎಸ್ಪೆರಾನ್ಸಾ
೨೧ ಡಿಸೆಂಬರ್ ೨೦೨೩

ಪದ್ರೀನೊ,

ತಡವಾಯಿತು. ಸಿಟ್ಟು ಆರಲಿ ಎಂದು ಕಾದೆ ಎನ್ನಲಾರೆ. ಆರಿಲ್ಲ, ಆದರೆ ಈಗ ಅದರ ಪಕ್ಕದಲ್ಲಿ ಕುಳಿತು ಕಾಗದ ಬರೆಯಬಲ್ಲೆ.

ಹದಿನಾರು ದಿನ ಆ ಯಂತ್ರದ ಮೇಲೆ ಹೊದಿಸಿದ್ದ ಬಟ್ಟೆಯನ್ನೂ ನಾನು ಎತ್ತಲಿಲ್ಲ. ವೈರನ್ನು ಬೇಲಿಯಾಚೆಗೆ ಎಸೆದೆ. ಒಂದು ಕುದುರೆ ಬಂದು ಮೂಸಿ ಹೋಯಿತು. ಹದಿನೇಳನೆಯ ದಿನ ದೋನ್ಯಾ ಕ್ರುಸೀತಾ ಗೋಡೆ ಹಿಡಿದು ಹಿಡಿದು ನಡೆದು ಬಂದು, ಮುಳ್ಳಿನ ನಡುವಿನಿಂದ ಅದನ್ನು ಎಳೆದು ಮಡಿಲಿಗೆ ಹಾಕಿಕೊಂಡು, ನನ್ನ ಮೆಟ್ಟಿಲ ಮೇಲೆ ಕುಳಿತಳು.

"ಯಾರ ಮೇಲಿನ ಸಿಟ್ಟು ಇದು?"

ಹೇಳಿದೆ. ಎಲ್ಲವನ್ನೂ ಹೇಳಿದೆ.

"ಆ ಮುದುಕ ಮಾಡಿದ್ದು ತಪ್ಪು" ಎಂದಳು. "ಮಾಡಿ ನಿನ್ನ ತಲೆಗೆ ಕಟ್ಟಿದ್ದು ಇನ್ನೂ ದೊಡ್ಡ ತಪ್ಪು. ನನ್ ಕೈಗೆ ಸಿಕ್ರೆ ಸೌಟಲ್ಲಿ ಹಾಕ್ತೀನಿ. ಆದ್ರೆ ನೀನು ಯಾಕೆ ಇನ್ನೂ ಹೀಗೆ ಕೂತಿದ್ದೀಯ? ಅವನು ಒಪ್ಕೊಂಡ್ಮೇಲೆ ನಿನ್ನ ಭಾರ ಇಳೀಬೇಕಿತ್ತಲ್ಲ?"

ಎದ್ದು ಬಟ್ಟೆ ಸರಿಸಿ ಹಗ್ಗ ಎಳೆದೆ. ಕಂಪನಿಯ ಗಡುವಿಗೆ ಹದಿಮೂರು ದಿನ ಉಳಿದಿತ್ತು. ಕೆಲಸ ಉಳಿಯಿತು, ಪದ್ರೀನೊ. ಅಕ್ಟೋಬರ್ ಮೂವತ್ತರಂದು ಪುನಃ ಕಿವಿಗೆ ಹೆಡ್‌ಫೋನ್ ಇಟ್ಟೆ, ಒಂದೇ ಕಿವಿಗೆ. ಕರೆಂಟು ಹೋದಾಗ ಮೊದಲು ಕಿತ್ತಳೆ ವೈರು, ಆಮೇಲೆ ನನ್ನ ಕಂಪ್ಯೂಟರು. ಮೂರನೆಯದನ್ನು ಯಾರಿಗೂ ಸಿಕ್ಕಿಸಗೊಡುವುದಿಲ್ಲ. ಮೊನ್ನೆ ಹಬ್ಬಕ್ಕೆಂದು ಬಾಳೆಯೆಲೆಯಲ್ಲಿ ಪಾಸ್ತೇಲ್ ಕಡುಬು ಕಟ್ಟುವ ದಿನ ಇಡೀ ಬೀದಿಯ ಹೆಂಗಸರು ರೇಡಿಯೊ ಹಾಕೆಂದು ಬೇಡಿದರೂ ಒಪ್ಪಲಿಲ್ಲ. ಜಿಪುಣಿ ಎಂದು ಹೆಸರಿಟ್ಟಿದ್ದಾರೆ.

ಇನ್ನು, ನಾನು ಎರಡು ತಿಂಗಳು ಬರೆಯದೆ ಇದ್ದುದರ ನಿಜವಾದ ಕಾರಣ.

ನೀವು ನನಗೆ ಹೇಳಿದ ಮಾತು ತಪ್ಪು. ನಾನು ಕೇಳಿಸಿಕೊಂಡಿದ್ದೆ.

ಎರಡೂ ಕಿವಿ ಮುಚ್ಚಿದ್ದವು, ಅದು ನಿಜ. ಆದರೂ ಗಂಟೆ ಒಂದು ಸಲ ಕೇಳಿಸಿತು. ಮದ್ರೀನಾಳದೇ ಎಂದು ತಿಳಿಯಿತು. ಆಗ ಒಬ್ಬ ಮುದುಕನಿಗೆ ಅವನ ಕಾಯಿಲೆಯ ಹೆಸರನ್ನು ಮೊದಲ ಬಾರಿ ಹೇಳುತ್ತಿದ್ದೆ. ಈ ವಾಕ್ಯ ಮುಗಿಯಲಿ, ಎದ್ದು ಹೋಗುತ್ತೇನೆ ಎಂದುಕೊಂಡೆ. ವಾಕ್ಯದ ಹಿಂದೆ ಇನ್ನೊಂದು ವಾಕ್ಯ ಬಂತು. ಅವನು ಅಳುತ್ತಿದ್ದ, ಅವನ ಅಳುವಿನ ನಡುವಿನ ಮಾತನ್ನೂ ನಾನೇ ಆಡಬೇಕಿತ್ತು. ಗಂಟೆ ಮತ್ತೆ ಕೇಳಿಸಲಿಲ್ಲ. ಅವಳಿಗೆ ಬೇಕಾದದ್ದು ಸಿಕ್ಕಿರಬೇಕೆಂದುಕೊಂಡೆ. "ನೀನು ಕೇಳಿಸಿಕೊಳ್ಳಲಿಲ್ಲ" ಎಂದು ನೀವು ಅಂದಾಗ ನಾನು ಎದುರಾಡದೆ ಹೊರಟುಹೋದದ್ದು ನಿಮ್ಮ ಮಾತು ಕಠಿಣವಾಗಿತ್ತೆಂದಲ್ಲ. ಅದು ಕಡಿಮೆಯಾಗಿತ್ತು. ನಿಜ ಅದಕ್ಕಿಂತ ದೊಡ್ಡದಿತ್ತು. ನಿಮ್ಮ ತಪ್ಪು ಮಾತಿನ ಹಿಂದೆ ನಾನು ಐದೂವರೆ ವರ್ಷ ಅಡಗಿ ಕುಳಿತೆ.

ಗೋಡೆಯ ಆಚೆ ನೀವು ಪೂಜೆ ಮುಗಿಯಲೆಂದಿರಿ. ಈಚೆ ನಾನು ವಾಕ್ಯ ಮುಗಿಯಲೆಂದೆ. ನಡುವೆ ಅವಳು ಗಂಟೆ ಹಿಡಿದು, ನಮ್ಮಿಬ್ಬರನ್ನೂ ನಂಬಿ ಮಲಗಿದ್ದಳು.

ಈ ಬೆಳಿಗ್ಗೆ ಇಲ್ಲಿಯ ಚರ್ಚಿನಲ್ಲಿ ಏಳನೆಯ ಪೂಜೆ. ಆರು ವರ್ಷದ ಮೇಲೆ ಹೋದೆ. ನಡುವೆ ಕರೆಂಟು ಹೋಯಿತು. ಯಾರೂ ಹಾಡು ನಿಲ್ಲಿಸಲಿಲ್ಲ. ನಾನು ಎದ್ದು, ಬೆಂಚಿನವರ ಮಂಡಿ ದಾಟಿ, "ಎಲ್ಲಿಗೇ ಹೋಗ್ತೀಯ, ಪರಮಪ್ರಸಾದ ಆಗ್ಲಿಲ್ಲ!" ಎಂಬ ಪಿಸುಮಾತುಗಳನ್ನೂ ದಾಟಿ, ಮನೆಗೆ ಓಡಿ ಹಗ್ಗ ಎಳೆದೆ. ದೋನ್ಯಾ ಕ್ರುಸೀತಾ ಕಿಟಕಿಯಿಂದ ಬೈದಳು: "ಪೂಜೆ ಬಿಟ್ಟು ಬಂದ್ಯಲ್ಲೇ! ನಾನೇನು ಸತ್ತೋಗ್ತಿದ್ನಾ?" ಅವಳ ಯಂತ್ರ ಗೊರಗುಟ್ಟುತ್ತ ನಡೆಯತೊಡಗಿದ ಮೇಲೆ ಅಲ್ಲೇ ಹಿತ್ತಲಲ್ಲಿ, ಪೆಟ್ರೋಲಿನ ವಾಸನೆಯಲ್ಲಿ, ಮಂಡಿಯೂರಿದೆ. ಚರ್ಚ್ ದೂರವಿದೆ, ಹಾಡು ಕೇಳಿಸಲಿಲ್ಲ. ಪೂಜೆ ಅಲ್ಲಿಗೆ ಮುಗಿಯಿತೆಂದು ನನಗನ್ನಿಸಿತು.

ನೀವು ಕೇಳಿದ್ದನ್ನು ಕೊಡುವ ಯೋಗ್ಯತೆ ನನಗಿದೆಯೇ ಎಂದು ಯೋಚಿಸುತ್ತ ಇಷ್ಟು ದಿನ ಕಳೆದೆ. ಇಲ್ಲ. ಆದರೆ ಕೊಡುವವರಿಗೆಲ್ಲ ಅದಿರಬೇಕೆಂದರೆ ಈ ದ್ವೀಪಗಳಲ್ಲಿ ಯಾವ ಮಗುವೂ ಆಶೀರ್ವಾದ ಪಡೆಯುತ್ತಿರಲಿಲ್ಲ.

ದೇವರು ನಿಮ್ಮನ್ನು ಆಶೀರ್ವದಿಸಲಿ, ಪದ್ರೀನೊ.

ಮೂವರು ರಾಜರ ಹಬ್ಬದ ದಿನ ಬೆಳಗಿನ ಲಾಂಚಿಗೆ ಬನ್ನಿ. ಮದ್ರೀನಾಳ ಗಂಟೆಯನ್ನು ತನ್ನಿ. ಪಾತ್ರೆ ಬಡಿದು ಬಡಿದು ದೋನ್ಯಾ ಕ್ರುಸೀತಾಳ ಸೌಟು ಸೊಟ್ಟಗಾಗಿದೆ. ನಿಮ್ಮ ಮೇಲೆ ಅದನ್ನು ಎತ್ತುವುದಿಲ್ಲವೆಂದು ಆಕೆ ಮಾತು ಕೊಟ್ಟಿದ್ದಾಳೆ, ಮೊದಲ ದಿನಕ್ಕೆ ಮಾತ್ರ.

ಬರುವ ಮುನ್ನ ಒಂದು ಕಾಗದ ಹಾಕಿ. ನಾನು ಈಗ ಕೇಳುತ್ತಿದ್ದೇನೆ: ಆಶೀರ್ವಾದ ಮಾಡಿ, ಪದ್ರೀನೊ. ಅದರ ತಲೆಯಲ್ಲಿ ಮೂರು ಸಾಲಿನ ಜಾಗವಿರಲಿ, ಆದರೆ ಈ ಸಲ ಬರಿದಾಗಿ ಬಿಡಬೇಡಿ.

ನಿಮ್ಮ ಮಗಳು,
ಮಿಗ್ದಾಲಿಯಾ